ಪಿಟ್ಯುಟರಿ ಗಡ್ಡೆಗೆ ಆಪರೇಷನ್ ಡೇಟ್ ಕೊಟ್ಟಿದ್ದಾರೆ, ಅದಕ್ಕೂ ಮುಂಚೆ ಮತ್ತೆ ಎಂಆರ್‌ಐ ಮಾಡಿಸ್ಬೇಕಾ?

ಹಾಸನದ ತಮ್ಮ:

ಎಲ್ರಿಗೂ ನಮಸ್ಕಾರ. ಅಕ್ಕನ ವಿಷಯ ಕೇಳ್ತಾ ಇದೀನಿ, ಸ್ವಲ್ಪ ಉದ್ದ ಆಗುತ್ತೆ, ಗೊತ್ತಿರೋರು ದಯವಿಟ್ಟು ಪೂರ್ತಿ ಓದಿ ಹೇಳಿ.

ಅಕ್ಕಂಗೆ 36 ವರ್ಷ. ಹೋದ ವರ್ಷದಿಂದ ತಲೆನೋವು, ಮುಟ್ಟು ಹಿಂದೆಮುಂದೆ ಆಗ್ತಿತ್ತು ಆಮೇಲೆ ಪೂರ್ತಿ ನಿಂತೋಯ್ತು, ಸುಸ್ತಂತೂ ಕೇಳಲೇಬೇಡಿ. ಇಲ್ಲೇ ಊರಲ್ಲಿ ಬ್ರೈನ್ ಎಂಆರ್‌ಐ ಮಾಡ್ಸಿದ್ವಿ, ಚಿತ್ರ ಸ್ಪಷ್ಟ ಕಾಣೋಕೆ ಕೊಡೋ ಇಂಜೆಕ್ಷನ್ ಕೊಡ್ಲಿಲ್ಲ, ಬರೀ ಪ್ಲೇನ್. ಪಿಟ್ಯುಟರಿ (ಮೆದುಳಿನ ಬುಡದಲ್ಲಿರೋ ಹಾರ್ಮೋನ್ ಗ್ರಂಥಿ) ಜಾಗದಲ್ಲಿ 16 ಮಿ.ಮೀ. ಗಡ್ಡೆ ಇದೆ, ಮೇಲೆ ಕಣ್ಣಿನ ನರಕ್ಕೆ ತಾಗ್ತಿದೆ, ಮ್ಯಾಕ್ರೋಅಡಿನೋಮ, ಅಂದ್ರೆ ಆ ಗ್ರಂಥಿಯದೇ ದೊಡ್ಡ ಗಡ್ಡೆ ಇರಬಹುದು ಅಂತ ರಿಪೋರ್ಟ್ ಬಂತು. ರಕ್ತದಲ್ಲಿ ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸೋ ಹಾರ್ಮೋನ್) ಮಾತ್ರ ಮಾಡ್ಸಿದಾರೆ, 62 ಬಂದಿದೆ. ಬೆಂಗಳೂರಿನ ಒಂದು ಆಸ್ಪತ್ರೇಲಿ ನ್ಯೂರೋಸರ್ಜನ್ ನೋಡಿ ಮೂಗಿನ ಮೂಲಕ ಆಪರೇಷನ್ ಮಾಡ್ಬೇಕು ಅಂದ್ರು, ಮನೇಲಿ ಮಗಳ ಪರೀಕ್ಷೆ, ದುಡ್ಡು ಹೊಂದಿಸೋದು ಅಂತೆಲ್ಲ ಇದ್ದಿದ್ರಿಂದ ನಾವೇ ಸುಮಾರು 4 ತಿಂಗಳು ಮುಂದೆ ಡೇಟ್ ತಗೊಂಡ್ವಿ. ಈಗ ಆ ಡೇಟ್ ಹತ್ರ ಬಂದಿದೆ.

ಈ ಮಧ್ಯೆ ಒಂದಿನ ಅಕ್ಕಂಗೆ ಇದ್ದಕ್ಕಿದ್ದಂಗೆ ತಡೆಯಕ್ಕಾಗದಷ್ಟು ತಲೆನೋವು ಬಂದು ಎರಡು ಮೂರು ಸಲ ವಾಂತಿ ಆಯ್ತು, ಇಲ್ಲಿ ಕ್ಲಿನಿಕ್‌ನಲ್ಲಿ ಮೈಗ್ರೇನ್ ಅಂತ ಇಂಜೆಕ್ಷನ್ ಕೊಟ್ಟು ಕಳ್ಸಿದ್ರು. ವಿಚಿತ್ರ ಏನಂದ್ರೆ ಅದಾದ್ಮೇಲೆ ದಿನಾ ಬರ್ತಿದ್ದ ತಲೆನೋವು ತುಂಬಾ ಕಮ್ಮಿ ಆಗಿದೆ, ಆದ್ರೆ ಸುಸ್ತು ಜಾಸ್ತಿ ಆಗಿದೆ, ಬೆಳಗ್ಗೆ ಎದ್ರೆ ತಲೆ ಸುತ್ತು ಅಂತಾಳೆ, ಊಟ ಸೇರ್ತಿಲ್ಲ. ಪರಿಚಯದ ಒಬ್ರು ಹಾರ್ಮೋನ್ ಡಾಕ್ಟರ್ ಹತ್ರ ಕಳ್ಸಿದ್ರು, ಅವ್ರು ಆಪರೇಷನ್‌ಗೆ ಮುಂಚೆ ಇಂಜೆಕ್ಷನ್ ಕೊಟ್ಟು ಎಂಆರ್‌ಐ ಇನ್ನೊಂದ್ಸಲ ಮಾಡ್ಸಿ, ಬ್ಲಡ್ ಟೆಸ್ಟ್‌ಗಳ ಪಟ್ಟಿ ಕೊಡ್ತೀನಿ ಅದನ್ನೂ ಮಾಡ್ಸಿ ಅಂದ್ರು. ಭಾವ ಏನಂತಾರೆ ಅಂದ್ರೆ ಗಡ್ಡೆ ಇದೆ ಅಂತ ಗೊತ್ತಾಗಿದೆಯಲ್ಲ, ಮತ್ತೆ ಅಷ್ಟು ಖರ್ಚು ಯಾಕೆ, ಡೇಟ್ ಬೇರೆ ಕೈ ತಪ್ಪುತ್ತೆ ಅಂತ. ಅಮ್ಮಂಗೆ ಪದೇ ಪದೇ ಸ್ಕ್ಯಾನ್ ಮಾಡ್ಸಿದ್ರೆ ರೇಡಿಯೇಷನ್ ಹೊಡೀತದೆ ಅನ್ನೋ ಭಯ. ನಿಜವಾಗ್ಲೂ ಬೇಕಾ ಇದು? ಅನುಭವ ಇರೋರು ಹೇಳಿ.

ಸ್ಕ್ಯಾನ್ ರೂಮಿನಿಂದ:

ನಾನು ಎಂಆರ್‌ಐ ಟೆಕ್ನಿಷಿಯನ್, ಡಾಕ್ಟರ್ ಅಲ್ಲ, ಹಾಗಾಗಿ ಸ್ಕ್ಯಾನ್ ವಿಷಯ ಮಾತ್ರ ಹೇಳ್ತೀನಿ. ಮೊದಲು ಅಮ್ಮಂಗೆ ಸಮಾಧಾನ ಹೇಳಿ, ಎಂಆರ್‌ಐನಲ್ಲಿ ರೇಡಿಯೇಷನ್ ಇಲ್ವೇ ಇಲ್ಲ, ಅದು ಮ್ಯಾಗ್ನೆಟ್ ಮತ್ತು ರೇಡಿಯೋ ತರಂಗದ ಮೇಲೆ ನಡೆಯೋದು. ಸಿಟಿ ಸ್ಕ್ಯಾನ್ ಬೇರೆ, ಅದರಲ್ಲಿ ಎಕ್ಸ್‌ರೇ ಇರುತ್ತೆ.

ಈಗ ಮುಖ್ಯ ವಿಷಯ. ನಿಮ್ಮ ಅಕ್ಕಂಗೆ ಆಗಿರೋದು ಬ್ರೈನ್ ಎಂಆರ್‌ಐ, ಪಿಟ್ಯುಟರಿ ಎಂಆರ್‌ಐ ಅಲ್ಲ. ಎರಡೂ ಅದೇ ಮಷಿನ್‌ನಲ್ಲಿ ಆದ್ರೂ ಕೆಲಸ ಬೇರೆ. ಇಡೀ ತಲೆ ನೋಡೋವಾಗ ಒಂದೊಂದು ಸ್ಲೈಸ್ 5 ಮಿ.ಮೀ. ದಪ್ಪ ಇಟ್ಟಿರ್ತೀವಿ, ಪಿಟ್ಯುಟರಿ ಅನ್ನೋದು ಇಡೀ ಗ್ರಂಥಿನೇ ಬಟಾಣಿ ಕಾಳಿನಷ್ಟು, ಅದಕ್ಕೆ 2-3 ಮಿ.ಮೀ. ಸ್ಲೈಸ್‌ನಲ್ಲಿ ಮುಂದಿನಿಂದ ಒಂದು ಸಲ, ಪಕ್ಕದಿಂದ ಒಂದು ಸಲ ಆ ಜಾಗಕ್ಕೇ ಗುರಿ ಇಟ್ಟು ತೆಗೀಬೇಕು. ಆಮೇಲೆ ಗ್ಯಾಡೋಲಿನಿಯಂ ಇಂಜೆಕ್ಷನ್ ಕೊಟ್ಟು ಔಷಧಿ ಹರಿಯೋ ಹೊತ್ತಲ್ಲೇ ಬೇಗಬೇಗ ಚಿತ್ರ ತೆಗೀತೀವಿ, ಡೈನಾಮಿಕ್ ಅಂತಾರೆ. ನಾರ್ಮಲ್ ಗ್ರಂಥಿ ಔಷಧಿನ ಬೇಗ ಹೀರಿಕೊಂಡು ಬೆಳ್ಳಗಾಗುತ್ತೆ, ಗಡ್ಡೆ ನಿಧಾನ, ಆ ಕೆಲವು ಸೆಕೆಂಡ್‌ನಲ್ಲೇ ಗಡ್ಡೆ ಎಲ್ಲಿ ಮುಗಿದು ಒಳ್ಳೆ ಗ್ರಂಥಿ ಎಲ್ಲಿ ಶುರು ಆಗುತ್ತೆ ಅಂತ ಕಾಣೋದು. ಪ್ಲೇನ್ ಸ್ಕ್ಯಾನ್‌ನಲ್ಲಿ ಇದು ಸಿಗಲ್ಲ.

ಇನ್ನೊಂದು, ಮೂಗಿನಿಂದ ಹೋಗೋ ಸರ್ಜನ್‌ಗೆ ಆಪರೇಷನ್ ಥಿಯೇಟರ್‌ನಲ್ಲಿ ನ್ಯಾವಿಗೇಷನ್ ಮಷಿನ್‌ಗೆ ಹಾಕೋಕೆ 1 ಮಿ.ಮೀ. ಆಸುಪಾಸಿನ ತೆಳು ಸ್ಲೈಸ್ ಬೇಕಾಗುತ್ತೆ, ಮೂಗಿನ ತುದಿ ಸಮೇತ ಮುಖ ಪೂರ್ತಿ ಬಂದಿರ್ಬೇಕು. ಸುಮಾರು ಜನ ಹೊರಗೆ ಮಾಡ್ಸಿಕೊಂಡು ಹೋಗಿ ಅಲ್ಲಿ ಮತ್ತೆ ಮಾಡ್ಸೋ ಹಂಗಾಗುತ್ತೆ. ಹಾಗಾಗಿ ದುಡ್ಡು ಕಟ್ಟೋಕೆ ಮುಂಚೆ ಸರ್ಜನ್ ಹತ್ರಾನೇ 'ನಿಮಗೆ ಬೇಕಾದ ಪ್ರೋಟೋಕಾಲ್ (ಸ್ಕ್ಯಾನ್ ತೆಗೆಯೋ ವಿಧಾನ) ಏನು, ನ್ಯಾವಿಗೇಷನ್ ಸೇರಿಸಿ ಒಂದೇ ಸಲ ಮಾಡ್ಸಬಹುದಾ, ಸಿಟಿ ಬೇಕಾ' ಅಂತ ಚೀಟಿ ಬರೆಸಿಕೊಳ್ಳಿ. 3 ಟೆಸ್ಲಾ (ಮ್ಯಾಗ್ನೆಟ್ ಶಕ್ತಿಯ ಅಳತೆ) ಮಷಿನ್ ಇದ್ರೆ ಒಳ್ಳೇದು, ಆದ್ರೆ 1.5 ಟೆಸ್ಲಾದಲ್ಲಿ ಸರಿಯಾದ ಪ್ರೋಟೋಕಾಲ್ ಹಾಕಿದ್ರೆ 16 ಮಿ.ಮೀ. ಗಡ್ಡೆಗೆ ಧಾರಾಳ ಸಾಕು.

ಹೋಗೋವಾಗ ಕ್ರಿಯಾಟಿನಿನ್ ರಿಪೋರ್ಟ್ ತಗೊಂಡ್ಹೋಗಿ, ಕಿಡ್ನಿ ತುಂಬಾ ವೀಕ್ ಇರೋರಿಗೆ ಗ್ಯಾಡೋಲಿನಿಯಂ ಕೊಡೋ ಮುಂಚೆ ಯೋಚನೆ ಮಾಡ್ತಾರೆ. ಮುಟ್ಟು ನಿಂತಿದೆ ಅಂದಿದೀರಲ್ಲ, ಪ್ರೆಗ್ನೆನ್ಸಿ ಟೆಸ್ಟ್ ಒಂದು ಮಾಡ್ಸಿಬಿಡಿ, ಬಸುರಿಯರಿಗೆ ಈ ಇಂಜೆಕ್ಷನ್ ಸಾಧ್ಯವಾದಷ್ಟು ಕೊಡಲ್ಲ. ಹಳೇ ಸ್ಕ್ಯಾನ್‌ದು ಫಿಲ್ಮ್ ಸಾಲಲ್ಲ, ಸಿ.ಡಿ. ಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ರಿಪೋರ್ಟ್ ಬರೀರಿ ಅಂತ ರೇಡಿಯಾಲಜಿಸ್ಟ್‌ಗೆ ಬಾಯ್ಬಿಟ್ಟು ಹೇಳಿ, ಹೇಳದಿದ್ರೆ ಹೊಸದು ಮಾತ್ರ ನೋಡಿ ಬರ್ದುಬಿಡೋ ಸಾಧ್ಯತೆ ಇರುತ್ತೆ.

ಧಾರವಾಡದಾಂವ:

ನಮಸ್ಕಾರ್ರಿ ತಮ್ಮಾ. ನಾನೂ ಡಾಕ್ಟರ್ ಅಲ್ಲ, ನಮ್ಮ ಮನ್ಯಾಗ ಆದದ್ದು ಹೇಳ್ತೀನಿ, ಅದರಿಂದ ನಿಮಗ ಉಪಯೋಗ ಆದ್ರ ಆಗ್ಲಿ.

ನಮ್ಮ ಮನಿಯವ್ರಿಗೆ ಎರಡನೇ ಬಾಣಂತನ ಮುಗದ ಮ್ಯಾಲೆ ಮೈ ಊದಿದಂಗ ಆಗಿತ್ತು, ಧ್ವನಿ ದಪ್ಪ ಆತು, ಥಂಡಿ ತಡಿತಿರಲಿಲ್ಲ, ತಲಿನೋವು ಬ್ಯಾರೆ. ಎಂಆರ್‌ಐ ಮಾಡಿದ್ರ ಪಿಟ್ಯುಟರಿ ದೊಡ್ಡದಾಗಿ ಗುಡ್ಡದಂಗ ಮ್ಯಾಲೆ ಎದ್ದೈತಿ, ಮ್ಯಾಕ್ರೋಅಡಿನೋಮ, ಆಪರೇಷನ್ ಅಂದ್ರು. ಮನಿ ಮಂದಿ ಎಲ್ಲಾ ಅಳಾಕ ಹತ್ತಿದ್ವಿ. ಆಪರೇಷನ್ ಫಿಟ್ನೆಸ್‌ಗೆ ಅಂತ ರಕ್ತ ತಪಾಸಣಿ ಮಾಡಿದಾಗ ಟಿಎಸ್ಎಚ್ 100ರ ಮ್ಯಾಲೆ ಬಂತು. ಅರವಳಿಕಿ ಡಾಕ್ಟರ ಮೊದಲ ತಡದ್ರು, ಇಷ್ಟ ಥೈರಾಯ್ಡ್ ಕಮ್ಮಿ ಇದ್ದಾಗ ಅನಸ್ತೇಸಿಯಾ ಕೊಡೂದು ಸರಿ ಅಲ್ಲ ಅಂತ. ಆಮ್ಯಾಲೆ ಹಾರ್ಮೋನ್ ಡಾಕ್ಟರ ತಿಳಿಸಿ ಹೇಳಿದ್ರು: ಕುತ್ತಿಗಿಯೊಳಗಿನ ಥೈರಾಯ್ಡ್ ಕೆಲಸ ನಿಲ್ಲಿಸಿದ್ರ ಪಿಟ್ಯುಟರಿ ಅದನ್ನ ಎಬ್ಬಿಸಾಕ ಟಿಎಸ್ಎಚ್ ಮಾಡಿ ಮಾಡಿ ತಾನ ದಪ್ಪ ಆಗ್ತೈತಿ, ಅದು ಗಡ್ಡಿ ಅಲ್ಲ, ಗ್ರಂಥಿನ ಬೆಳದದ್ದು. ಚಿತ್ರದಾಗ ನೋಡಿದ್ರ ಗಡ್ಡಿಯಂಗ ಕಾಣ್ತೈತಿ, ಪ್ರೊಲ್ಯಾಕ್ಟಿನ್ ಸೈತ ಸ್ವಲ್ಪ ಏರಿರ್ತೈತಿ.

ಥೈರಾಕ್ಸಿನ್ ಗುಳಿಗಿ ಚಾಲೂ ಮಾಡಿ ಕೆಲವು ತಿಂಗಳ ಬಿಟ್ಟು ಮತ್ತ ಎಂಆರ್‌ಐ ಮಾಡಿದ್ರ ಗ್ರಂಥಿ ತನ್ನ ಅಳತಿಗೆ ಬಂದಿತ್ರಿ. ಕತ್ತರಿ ಹಾಕೂ ಪ್ರಸಂಗನ ಬರಲಿಲ್ಲ. ಮೊದಲಿನ ಚಿತ್ರ ಹಿಡಕೊಂಡ ನೇರ ಥಿಯೇಟರ್‌ಗೆ ಹೋಗಿದ್ರ ಆಕಿಯ ಒಳ್ಳೆ ಪಿಟ್ಯುಟರಿನ ತಗದ ಬಿಡ್ತಿದ್ರೇನೋ ಅನ್ನೂದು ನೆನಸಿದ್ರ ಈಗೂ ಕೈ ನಡಗ್ತಾವ. ನಿಮ್ಮ ಅಕ್ಕಗ ಟಿಎಸ್ಎಚ್, ಫ್ರೀ ಟಿ4 (ಥೈರಾಯ್ಡ್ ಮಾಡೂ ಹಾರ್ಮೋನ್) ಮಾಡಿಸೀರೇನು? ಮಾಡಿಸಿಲ್ಲ ಅಂದ್ರ ಇವತ್ತ ಮಾಡಸ್ರಿ. ಖರ್ಚು ಅಂತ ನಿಮ್ಮ ಮಾಮಾರು ಅಂತಾರಲ್ಲ, ಆಪರೇಷನ್ ಖರ್ಚಿನ ಮುಂದ ಇದು ಏನೂ ಅಲ್ರಿ.

ಎಂಡೋಕ್ರೈನ್ ರೆಸಿಡೆಂಟ್:

ಹಾಸನದ ತಮ್ಮ, ಎಂಆರ್‌ಐ ಪ್ರಶ್ನೆಗೆ ಆಮೇಲೆ ಬರ್ತೀನಿ, ಮೊದಲು ಒಂದು ಅರ್ಜೆಂಟ್ ಮಾತು. ನಾನು ಹಾರ್ಮೋನ್ ವಿಭಾಗದಲ್ಲಿ ತರಬೇತೀಲಿರೋ ಡಾಕ್ಟರ್, ನಿಮ್ಮ ಅಕ್ಕನ್ನ ನೋಡಿಲ್ಲ, ಇಲ್ಲಿಂದ ರೋಗ ಹೆಸರಿಡೋಕಾಗಲ್ಲ, ಆದ್ರೆ ನೀವು ಬರೆದಿರೋದು ಓದಿದ್ರೆ ಸುಮ್ನೆ ಇರೋಕಾಗ್ತಿಲ್ಲ. ಗಡ್ಡೆ ಇರೋರಿಗೆ ಇದ್ದಕ್ಕಿದ್ದಂಗೆ ಜೀವನದಲ್ಲೇ ಬರದಂಥ ತಲೆನೋವು, ವಾಂತಿ, ಆಮೇಲೆ ವಿಪರೀತ ಸುಸ್ತು, ತಲೆ ಸುತ್ತು, ಊಟ ಸೇರದೇ ಇರೋದು ಅಂದ್ರೆ ಗಡ್ಡೆಯೊಳಗೆ ರಕ್ತಸ್ರಾವ ಆಗಿ ಅಥವಾ ಅದಕ್ಕೆ ರಕ್ತ ನಿಂತು ಅದು ಸತ್ತಿರೋ ಸಾಧ್ಯತೆ ಇದೆ. ಪಿಟ್ಯುಟರಿ ಅಪೊಪ್ಲೆಕ್ಸಿ ಅಂತಾರೆ. ಇದರಲ್ಲಿ ಎಷ್ಟೋ ಜನರಿಗೆ ಕಾರ್ಟಿಸಾಲ್ ಅನ್ನೋ ಜೀವಕ್ಕೆ ಬೇಕೇ ಬೇಕಾದ ಹಾರ್ಮೋನ್ ಬಿದ್ದುಹೋಗುತ್ತೆ, ಬಿ.ಪಿ. ಇಳಿಯುತ್ತೆ, ಸೋಡಿಯಂ ಇಳಿಯುತ್ತೆ, ಆ ಸ್ಥಿತೀಲಿ ಒಂದು ಜ್ವರ ಬಂದ್ರೂ ಜೀವಕ್ಕೆ ಅಪಾಯ. ದಯವಿಟ್ಟು ಡೇಟ್, ಖರ್ಚು ಎಲ್ಲ ಪಕ್ಕಕ್ಕಿಟ್ಟು ಇವತ್ತೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಕರ್ಕೊಂಡ್ಹೋಗಿ, ಬಿ.ಪಿ., ಸೋಡಿಯಂ, ಕಾರ್ಟಿಸಾಲ್ ನೋಡ್ಸಿ. ಕಾರ್ಟಿಸಾಲ್ ಬೆಳಗ್ಗೆ 8ರ ಹೊತ್ತಿಗೆ ನೋಡೋದು ಸರಿ, ಆದ್ರೆ ಅಕ್ಕ ತೀರಾ ಬಳಲಿದ್ರೆ ರಕ್ತ ತೆಗೆದು ರಿಪೋರ್ಟ್‌ಗೆ ಕಾಯದೇ ಹೈಡ್ರೋಕಾರ್ಟಿಸೋನ್ (ಕಾರ್ಟಿಸಾಲ್ ಬದಲಿಗೆ ಕೊಡೋ ಔಷಧಿ) ಕೊಡ್ತಾರೆ. ಗಡ್ಡೆ ಇದೆ ಅನ್ನೋದನ್ನ, ಆವತ್ತಿನ ತಲೆನೋವಿನ ಕಥೆನ ಡ್ಯೂಟಿ ಡಾಕ್ಟರ್‌ಗೆ ಮೊದಲ ವಾಕ್ಯದಲ್ಲೇ ಹೇಳಿ.

ಈಗ ನಿಮ್ಮ ಪ್ರಶ್ನೆ. ಬೇಕು, ಖಂಡಿತ ಬೇಕು. ಅಪೊಪ್ಲೆಕ್ಸಿ ಆಗಿದ್ರೆ ಗಡ್ಡೆ ತಾನೇ ಕುಗ್ಗಿರಬಹುದು, ಕೆಲವರಲ್ಲಿ ಪೂರ್ತಿ ಮಾಯ ಆಗಿ ಗ್ರಂಥಿ ಕೂರೋ ಮೂಳೆಯ ಗುಂಡಿ ಖಾಲಿ ಕಾಣುತ್ತೆ. ದಿನನಿತ್ಯದ ತಲೆನೋವು ಕಮ್ಮಿ ಆಗಿದೆ ಅಂದಿದ್ದು ಅದಕ್ಕೂ ಹೊಂದುತ್ತೆ. 4 ತಿಂಗಳ ಹಿಂದಿನ ಚಿತ್ರ ಆವತ್ತಿನ ಗಡ್ಡೆದು, ಸರ್ಜನ್ ಕೈ ಹಾಕೋದು ಇವತ್ತಿನ ಗಡ್ಡೆಗೆ. ಅಪೊಪ್ಲೆಕ್ಸಿ ಒಂದೇ ಅಲ್ಲ, ಧಾರವಾಡದ ಅಣ್ಣ ಹೇಳಿದ ಥೈರಾಯ್ಡ್ ಕಾರಣ ಇದೆ, ಬಸುರಿ ಬಾಣಂತಿಯರಲ್ಲಿ ಜಾಸ್ತಿ ಕಾಣೋ ಹೈಪೋಫಿಸೈಟಿಸ್ ಅನ್ನೋ ಊತ ಇದೆ, ಅದು ಗಡ್ಡೆ ಥರಾನೇ ಕಂಡು ಎಷ್ಟೋ ಸಲ ತಾನೇ ಇಳಿಯುತ್ತೆ, ರಾತ್‌ಕೆ ಸಿಸ್ಟ್ ಅನ್ನೋ ನೀರುಗುಳ್ಳೆ ಕೂಡ ಕೆಲವು ಸಲ ಒಡೆದು ಸಣ್ಣಗಾಗುತ್ತೆ. ಇವೆಲ್ಲ ಒಂದೇ ಚಿತ್ರದಲ್ಲಿ ಗೊತ್ತಾಗಲ್ಲ, ಸಮಯ ಬಿಟ್ಟು ತೆಗೆದ ಎರಡನೇ ಚಿತ್ರದಲ್ಲಿ ಗೊತ್ತಾಗುತ್ತೆ.

ಪ್ರೊಲ್ಯಾಕ್ಟಿನ್ 62 ಬಗ್ಗೆ. ಹೆಂಗಸರಲ್ಲಿ ಸಾಮಾನ್ಯವಾಗಿ 25ರ ಒಳಗೆ ಇರ್ಬೇಕು. ಪ್ರೊಲ್ಯಾಕ್ಟಿನ್ ತಾನೇ ಮಾಡೋ ಪ್ರೊಲ್ಯಾಕ್ಟಿನೋಮ ಅನ್ನೋ ಗಡ್ಡೆ ಇಷ್ಟು ದೊಡ್ಡದಾಗಿದ್ರೆ ಮಾಮೂಲಿ 200 ದಾಟಿರುತ್ತೆ, ಹಾಗಿದ್ರೆ ಆಪರೇಷನ್ನೇ ಬೇಡ, ಕ್ಯಾಬರ್ಗೋಲಿನ್ ಮಾತ್ರೆಗೆ ಕುಗ್ಗುತ್ತೆ. 62 ಅಂದ್ರೆ ಗಡ್ಡೆ ಪಿಟ್ಯುಟರಿನ ಮೆದುಳಿಗೆ ಜೋಡಿಸೋ ತೊಟ್ಟನ್ನ ಒತ್ತಿದ್ದಕ್ಕೆ ಏರಿರೋದು ಇರಬಹುದು. ಆದ್ರೆ ಎರಡು ವಿಷಯ ಪಕ್ಕಾ ಮಾಡ್ಕೊಳ್ಳಿ. ಒಂದು, ಪ್ರೊಲ್ಯಾಕ್ಟಿನ್ ತೀರಾ ಜಾಸ್ತಿ ಇದ್ದಾಗ ಲ್ಯಾಬ್ ಮಷಿನ್ ಮೋಸ ಹೋಗಿ ಕಮ್ಮಿ ತೋರ್ಸೋದುಂಟು, ಗಡ್ಡೆ ದೊಡ್ಡದಿದ್ದಾಗ ಸ್ಯಾಂಪಲ್‌ನ 100 ಪಟ್ಟು ಡೈಲ್ಯೂಟ್ ಮಾಡಿ ನೋಡಿ ಅಂತ ಕೇಳಿ. ಎರಡು, ಅಕ್ಕ ಗ್ಯಾಸ್‌ಗೆ ಅಂತ ಕ್ಯಾಪ್ಸೂಲ್ ತಗೋತಿದ್ರಾ? ಅದರಲ್ಲಿ ಡೊಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಸೇರಿದ್ರೆ ಅದರಿಂದಲೇ ಪ್ರೊಲ್ಯಾಕ್ಟಿನ್ ಏರುತ್ತೆ. ನಮ್ಮಲ್ಲಿ ಮೆಡಿಕಲ್ ಶಾಪಲ್ಲಿ ಚೀಟಿ ಇಲ್ದೇ ತಗೊಳ್ಳೋ ಮಾತ್ರೆ ಅವು, ಓಪಿಡಿಲಿ ದಿನಾ ನೋಡ್ತೀನಿ, ಯಾರೂ ಅದನ್ನ ಮಾತ್ರೆ ಅಂತ ಲೆಕ್ಕಕ್ಕೇ ಹಿಡಿಯಲ್ಲ.

ಥೈರಾಯ್ಡ್ ನೋಡೋವಾಗ ಬರೀ ಟಿಎಸ್ಎಚ್ ಸಾಲಲ್ಲ. ಪಿಟ್ಯುಟರಿಯೇ ಸೋತಿದ್ರೆ ಟಿಎಸ್ಎಚ್ ಎಷ್ಟೋ ಸಲ ನಾರ್ಮಲ್ ಅಂತಲೇ ಬರುತ್ತೆ, ಫ್ರೀ ಟಿ4 ಕಮ್ಮಿ ಇರುತ್ತೆ. ಹಂಗೇನಾದ್ರೂ ಬಂದ್ರೆ ಕಾರ್ಟಿಸಾಲ್ ಸರಿ ಮಾಡದೇ ಥೈರಾಕ್ಸಿನ್ ಶುರು ಮಾಡ್ಬಾರ್ದು, ಮೊದಲು ಹೈಡ್ರೋಕಾರ್ಟಿಸೋನ್, ಆಮೇಲೆ ಥೈರಾಕ್ಸಿನ್. ಈ ಕ್ರಮ ತಪ್ಪಿದ್ರೆ ಪೇಷಂಟ್ ಕುಸಿದುಬಿಡ್ತಾರೆ.

ಇನ್ನೊಂದು ಕಡೆನೂ ಹೇಳ್ಬೇಕು, ಯಾಕಂದ್ರೆ ಇದನ್ನ ಓದಿ ಬೇರೆಯವರು ಸ್ಕ್ಯಾನ್ ಮಾಡ್ಸೋಣ ಅಂತ ಆಪರೇಷನ್ ಮುಂದೂಡಬಾರ್ದು. ದೃಷ್ಟಿ ದಿನದಿನಕ್ಕೆ ಇಳೀತಿದ್ರೆ, ಕಣ್ಣುರೆಪ್ಪೆ ಬಿದ್ದುಹೋಗಿದ್ರೆ, ಒಂದೇ ವಸ್ತು ಎರಡೆರಡು ಕಂಡ್ರೆ ತಿಂಗಳುಗಟ್ಟಲೆ ಕಾಯೋ ಮಾತೇ ಇಲ್ಲ, ಆವತ್ತೇ ಸ್ಕ್ಯಾನ್, ಆವತ್ತೇ ಸರ್ಜನ್. ಹೋದ ವಾರವಷ್ಟೇ ಒಳ್ಳೆ ಪಿಟ್ಯುಟರಿ ಪ್ರೋಟೋಕಾಲ್‌ನಲ್ಲಿ ಸ್ಕ್ಯಾನ್ ಆಗಿದ್ದು ಮಧ್ಯದಲ್ಲಿ ಏನೂ ಬದಲಾಗಿಲ್ಲ ಅಂದ್ರೆ ಮತ್ತೆ ಮಾಡ್ಸೋದ್ರಿಂದ ಲಾಭ ಕಮ್ಮಿ. ತುಂಬಾ ದಿನ ಆಗಿದೆ, ಮಾತ್ರೆ ಶುರು ಆಗಿದೆ, ಲಕ್ಷಣ ಬದಲಾಗಿದೆ, ಮೊದಲ ಸ್ಕ್ಯಾನ್ ಪ್ಲೇನ್ ಆಗಿತ್ತು, ಇಂಥ ಕಡೆ ಮತ್ತೆ ನೋಡ್ಲೇಬೇಕು. ನಿಮ್ಮ ಅಕ್ಕಂಗೆ ಇದರಲ್ಲಿ ಮೂರು ಸೇರಿದೆ.

ಕಣ್ಣಿನ ಆಸ್ಪತ್ರೇಲಿ ಫೀಲ್ಡ್ ಟೆಸ್ಟ್ ಮಾಡ್ಸಿ, ಪೆರಿಮೆಟ್ರಿ ಅಂತಾರೆ. ಈ ಗಡ್ಡೆ ಕಣ್ಣಿನ ನರ ಕೂಡೋ ಜಾಗನ ಕೆಳಗಿಂದ ಒತ್ತೋದ್ರಿಂದ ಎರಡೂ ಕಣ್ಣಿನ ಹೊರಬದಿ ಮಂಜಾಗುತ್ತೆ, ಎದುರಿಗೆ ಅಕ್ಷರ ಚೆನ್ನಾಗಿ ಓದ್ತಾರೆ ಆದ್ರೆ ಬಾಗಿಲ ಚೌಕಟ್ಟಿಗೆ ಭುಜ ತಗಲಿಸ್ಕೋತಾರೆ, ಪಕ್ಕದಿಂದ ಬರೋ ಗಾಡಿ ಕಾಣಲ್ಲ. ಮನೆಯವರಿಗೆ ಅಂದಾಜೇ ಸಿಗಲ್ಲ.

ಮೂಗಿನ ದಾರಿ:

ನಾನು ಆಪರೇಷನ್ ಆದವಳು, ಹಾಗಾಗಿ ಇನ್ನೊಂದು ಬದಿ ಹೇಳ್ತೇನೆ. ರಿಪೀಟ್ ಸ್ಕ್ಯಾನ್ ಅಂದ್ರೆ ಆಪರೇಷನ್ ತಪ್ಪುತ್ತೆ ಅನ್ನೋ ಆಸೆ ಇಟ್ಕೊಂಡೇ ಹೋಗ್ಬೇಡಿ. ನಂದು ಗ್ರೋತ್ ಹಾರ್ಮೋನ್ ಗಡ್ಡೆ, ಉಂಗುರ ಬೆರಳಿಗೆ ಬರ್ತಿರ್ಲಿಲ್ಲ, ಚಪ್ಪಲಿ ಸೈಜ್ ಏರ್ತಾ ಹೋಯ್ತು, ಅಕ್ರೊಮೆಗಲಿ ಅಂತಾರೆ. ಇದಕ್ಕೆ ಮೊದಲ ಚಿಕಿತ್ಸೆನೇ ಸರ್ಜರಿ. ಎರಡನೇ ಎಂಆರ್‌ಐನಲ್ಲಿ ಗಡ್ಡೆ ಕುಗ್ಗಿರ್ಲಿಲ್ಲ, ಬದಲಿಗೆ ಪಕ್ಕದ ಕ್ಯಾವರ್ನಸ್ ಸೈನಸ್ ಕಡೆಗೆ, ಮೆದುಳಿಗೆ ಹೋಗೋ ದೊಡ್ಡ ರಕ್ತನಾಳದ ಹತ್ರಕ್ಕೆ ಸರಿದಿದೆ ಅಂತ ಕಂಡಿತು. ಸರ್ಜನ್ ಆವಾಗ ಕೂತು ಹೇಳಿದ್ರು, ಆ ಬದಿಯದನ್ನ ಪೂರ್ತಿ ತೆಗೆಯೋಕೆ ಹೋಗಲ್ಲ, ಉಳಿದದ್ದಕ್ಕೆ ಇಂಜೆಕ್ಷನ್ ಅಥವಾ ರೇಡಿಯೇಷನ್ ನೋಡೋಣ ಅಂತ. ಮುಂಚೆನೇ ಗೊತ್ತಿದ್ದಿದ್ರಿಂದ ಆಪರೇಷನ್ ಆದ್ಮೇಲೆ 'ಸ್ವಲ್ಪ ಉಳಿದಿದೆ' ಅಂದಾಗ ನಾನು ಕುಸೀಲಿಲ್ಲ. ಸಿಟಿಯಲ್ಲಿ ಮೂಗಿನ ಹಿಂದಿನ ಗಾಳಿಗೂಡಿನ ಮೂಳೆ ಗೋಡೆಗಳು ಹೇಗಿವೆ, ಯಾವುದು ರಕ್ತನಾಳದ ಮೇಲೆ ಕೂತಿದೆ ಅಂತ ತೋರ್ಸಿದ್ರು, ಅಲ್ಲಿ ಅರೆಬರೆ ಗೊತ್ತಿದ್ದು ಕೈ ಇಟ್ರೆ ಏನಾಗಬಹುದು ಅಂತ ಅರ್ಥ ಆಯ್ತು. 1907ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಷ್ಲೋಫರ್ ಅನ್ನೋ ಸರ್ಜನ್ ಮೂಗಿನ ಮೂಲಕ ಪಿಟ್ಯುಟರಿ ಗಡ್ಡೆಗೆ ಮೊದಲ ಸಲ ಹೋದಾಗ ಅವರ ಕೈಲಿದ್ದದ್ದು ಬರೀ ಎಕ್ಸ್‌ರೇ. ಈಗ ಇಷ್ಟೆಲ್ಲ ನೋಡೋಕೆ ದಾರಿ ಇರೋವಾಗ ಯಾಕೆ ನೋಡದೇ ಹೋಗ್ಬೇಕು ಹೇಳಿ.

ದುಡ್ಡಿನ ವಿಷಯಕ್ಕೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ರೆ ಆಸ್ಪತ್ರೆಯ ಆರೋಗ್ಯಮಿತ್ರನ ಹತ್ರ ಯಾವುದಕ್ಕೆಲ್ಲ ಬರುತ್ತೆ, ರೆಫರಲ್ ಎಲ್ಲಿಂದ ಬೇಕು ಅಂತ ಮುಂಚೆನೇ ಕೇಳಿ. ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ, ಜನ ಜಾಸ್ತಿ, ಕಾಯ್ಬೇಕಾಗುತ್ತೆ, ಆದ್ರೆ ಈ ಆಪರೇಷನ್ ಮಾಡೋ ಕೈಗಳು ಅಲ್ಲಿ ಪಳಗಿರ್ತವೆ. ಎಲ್ಲೇ ಮಾಡ್ಸಿದ್ರೂ ವರ್ಷಕ್ಕೆ ಪಿಟ್ಯುಟರಿ ಎಷ್ಟು ಮಾಡ್ತೀರಿ ಅಂತ ಸರ್ಜನ್‌ನ ಕೇಳೋಕೆ ನಾಚ್ಕೋಬೇಡಿ.

ಹಾಸನದ ತಮ್ಮ:

ಎಲ್ರಿಗೂ ಕೈ ಮುಗಿತೀನಿ. ರೆಸಿಡೆಂಟ್ ಡಾಕ್ಟರ್ ಬರೆದಿದ್ದು ಓದಿದ ರಾತ್ರೀನೇ ಅಕ್ಕನ್ನ ಕರ್ಕೊಂಡ್ಹೋದ್ವಿ. ಬಿ.ಪಿ. 90ರ ಹತ್ರ ಇತ್ತು, ಸೋಡಿಯಂ ಕಮ್ಮಿ, ಕಾರ್ಟಿಸಾಲ್ 2ಕ್ಕಿಂತ ಕೆಳಗೆ. ಇಂಜೆಕ್ಷನ್ ಹೈಡ್ರೋಕಾರ್ಟಿಸೋನ್ ಕೊಟ್ಟು ಅಡ್ಮಿಟ್ ಮಾಡ್ಕೊಂಡ್ರು, ಮರುದಿನಕ್ಕೇ ಅಕ್ಕ ಎದ್ದು ಕೂತು ರಾಗಿ ಮುದ್ದೆ ಕೇಳಿದ್ಲು, ಅಮ್ಮ ಅಲ್ಲೇ ಅತ್ಬಿಟ್ರು. ಟಿಎಸ್ಎಚ್ ನಾರ್ಮಲ್, ಫ್ರೀ ಟಿ4 ಕಮ್ಮಿ, ನೀವು ಹೇಳ್ದಂಗೇ. ಥೈರಾಕ್ಸಿನ್ ಆಮೇಲೆ ಶುರು ಮಾಡಿದಾರೆ. ಪ್ರೊಲ್ಯಾಕ್ಟಿನ್ ಡೈಲ್ಯೂಟ್ ಮಾಡಿಸಿ ನೋಡಿದ್ರು, ಜಾಸ್ತಿ ಏನಿಲ್ಲ.

ಪಿಟ್ಯುಟರಿ ಎಂಆರ್‌ಐ ಆಯ್ತು, ಹಳೇ ಸಿ.ಡಿ. ಪಕ್ಕದಲ್ಲಿಟ್ಟೇ ನೋಡಿದ್ರು. 16 ಇದ್ದದ್ದು 9 ಮಿ.ಮೀ. ಆಗಿದೆ, ಒಳಗೆ ಹಳೇ ರಕ್ತದ ಗುರುತು ಇದೆ, ಕಣ್ಣಿನ ನರದಿಂದ ಕೆಳಗಿಳಿದಿದೆ. ಫೀಲ್ಡ್ ಟೆಸ್ಟ್ ಚೆನ್ನಾಗಿ ಬಂದಿದೆ. ನ್ಯೂರೋಸರ್ಜನ್‌ಗೆ ತೋರಿಸಿದ್ವಿ, ಅವ್ರು ಎರಡೂ ಸ್ಕ್ಯಾನ್ ನೋಡಿ ಸದ್ಯಕ್ಕೆ ಆಪರೇಷನ್ ಬೇಡ, 3 ತಿಂಗಳಿಗೆ ಮತ್ತೆ ಎಂಆರ್‌ಐ ಮಾಡ್ಸಿ ನೋಡೋಣ ಅಂತ ಡೇಟ್ ಅವರೇ ಕ್ಯಾನ್ಸಲ್ ಮಾಡಿದ್ರು. ಭಾವನೂ ಈಗ ಮುಂದಿನ ಸ್ಕ್ಯಾನ್ ಯಾವಾಗ ಅಂತ ಅವರೇ ಕ್ಯಾಲೆಂಡರಲ್ಲಿ ಗುರುತು ಹಾಕಿದಾರೆ.

ಎರಡು ಡೌಟ್. ಮುಂದಿನ ಸ್ಕ್ಯಾನ್ ಇಲ್ಲೇ ಊರಲ್ಲಿ ಮಾಡ್ಸಬಹುದಾ? ಮತ್ತೆ ಅಕ್ಕ ಈಗ ಆರಾಮಾಗಿದಾಳೆ, ಹೈಡ್ರೋಕಾರ್ಟಿಸೋನ್ ಸ್ಟಿರಾಯ್ಡ್ ಅಲ್ವಾ, ನಿಲ್ಲಿಸ್ಬಹುದಾ ಅಂತ ಕೇಳ್ತಿದಾಳೆ.

ಎಂಡೋಕ್ರೈನ್ ರೆಸಿಡೆಂಟ್:

ತುಂಬಾ ಸಮಾಧಾನ ಆಯ್ತು ಓದಿ.

ನಿಲ್ಲಿಸ್ಬಾರ್ದು. ಅವಳ ದೇಹ ಮಾಡ್ತಿಲ್ಲದ ಕಾರ್ಟಿಸಾಲ್‌ನ ಅಷ್ಟೇ ಅಳತೇಲಿ ಹೊರಗಿಂದ ಕೊಡ್ತಿರೋದು ಇದು, ಆರಾಮಾಗಿರೋದೇ ಅದರಿಂದ. ಗ್ರಂಥಿ ಚೇತರಿಸಿಕೊಂಡಿದೆಯಾ ಅಂತ ಡಾಕ್ಟರ್ ಟೆಸ್ಟ್ ಮಾಡಿ ಹೇಳೋವರೆಗೂ ಒಂದು ಡೋಸ್ ಕೂಡ ಬಿಡೋ ಹಾಗಿಲ್ಲ. ಜ್ವರ ಬಂದ್ರೆ ಡೋಸ್ ಡಬಲ್, ವಾಂತಿ ಆಗಿ ಮಾತ್ರೆ ನಿಲ್ತಿಲ್ಲ ಅಂದ್ರೆ ಕಾಯದೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್. ಪರ್ಸಲ್ಲಿ 'ಪಿಟ್ಯುಟರಿ ತೊಂದರೆ, ಹೈಡ್ರೋಕಾರ್ಟಿಸೋನ್ ಮೇಲೆ ಇದಾರೆ' ಅಂತ ಒಂದು ಚೀಟಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದಿಡಿ, ಹಲ್ಲು ಕೀಳಿಸೋಕೆ ಹೋದ್ರೂ ತೋರಿಸಿ.

ಸ್ಕ್ಯಾನ್ ಆದಷ್ಟು ಅದೇ ಸೆಂಟರಲ್ಲಿ ಅದೇ ಪ್ರೋಟೋಕಾಲ್‌ನಲ್ಲಿ ಮಾಡ್ಸಿ. ಬೇರೆ ಮಷಿನ್, ಬೇರೆ ಸ್ಲೈಸ್ ದಪ್ಪ ಆದ್ರೆ 1-2 ಮಿ.ಮೀ. ವ್ಯತ್ಯಾಸ ಅಳತೆದೋ ಗಡ್ಡೆದೋ ಅಂತ ತಿಳಿಯಲ್ಲ. ಉಳಿದಿರೋ 9 ಮಿ.ಮೀ. ಮತ್ತೆ ಬೆಳೆಯೋ ಸಾಧ್ಯತೆ ಇದ್ದೇ ಇದೆ, ಹಾಗಾಗಿ 3 ತಿಂಗಳದ್ದು ಚೆನ್ನಾಗಿ ಬಂದ್ರೂ ಅಲ್ಲಿಗೆ ಬಿಡ್ಬೇಡಿ, ಮುಂದೆ ವರ್ಷಕ್ಕೊಂದ್ಸಲದಂಗೆ ಹಲವು ವರ್ಷ ನೋಡ್ತಾರೆ. ಮಧ್ಯದಲ್ಲಿ ಮತ್ತೆ ಆ ಥರ ತಲೆನೋವು ಬಂದ್ರೆ ಅಥವಾ ಕಣ್ಣು ಮಂಜಾದ್ರೆ ಕ್ಯಾಲೆಂಡರ್ ನೋಡ್ಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ.